ಸಂಪಿಗೆ ಇಳಿಯುವ ಮುನ್ನ ಎರಡು ತಾಸು

ಯುಗಾದಿಗೆ ಸುಣ್ಣ ಬಣ್ಣ, ಮಳೆ ಹಿಡಿಯುವ ಮುಂಚೆ ತಾರಸಿ ರಿಪೇರಿ, ಗೃಹಪ್ರವೇಶಕ್ಕೆ ಮೊದಲು ಸಂಪು ತೊಳೆಸುವುದು. ದಾವಣಗೆರೆಯಲ್ಲಿ ನಿಟ್ಟುವಳ್ಳಿಯಿಂದ ವಿದ್ಯಾನಗರದ ತನಕ ಬೇಸಿಗೆಯಲ್ಲಿ ಯಾವ ಬೀದಿಗೆ ಹೋದರೂ ಒಂದಲ್ಲ ಒಂದು ಮನೆಯ ಮುಂದೆ ಮರಳಿನ ಗುಡ್ಡೆ ಇದ್ದೇ ಇರುತ್ತದೆ. ಮನೆ ಯಜಮಾನರು ಮೇಸ್ತ್ರಿಯನ್ನು ಕರೆಸಿ, ರೇಟು ಕೇಳಿ, ಆದಷ್ಟೂ ಇಳಿಸಿ, ಅಡ್ವಾನ್ಸ್ ಕೈಗಿಟ್ಟು ಅಂಗಡಿಗೆ ಹೊರಟುಬಿಡುತ್ತಾರೆ. ‘ಗುತ್ತಿಗೆ ಕೊಟ್ಟಾತಲ್ಲ, ಇನ್ನೆಲ್ಲಾ ಅವಂದೇ’ ಎಂಬುದು ಅವರ ಲೆಕ್ಕ. ಈ ಲೆಕ್ಕ ತಪ್ಪು. ಪೊಲೀಸ್ ಜೀಪು ಬಾಗಿಲಿಗೆ ಬಂದಾಗಲೇ ಬಹಳ ಜನಕ್ಕೆ ಅದು ಗೊತ್ತಾಗುವುದು.

ಮನೆಯಲ್ಲಿ ಎಲ್ಲಕ್ಕಿಂತ ಮೋಸದ ಜಾಗ ಸಂಪು. ಕೆರೆ ನೀರು ಬಿಟ್ಟ ದಿನ ಹಿಡಿದಿಟ್ಟುಕೊಂಡೇ ಬದುಕು ಕಲಿತ ಊರಿದು. ಸಂಪಿಲ್ಲದ ಮನೆ ಅಪರೂಪ. ಎರಡು ಅಡಿ ಚೌಕದ ಒಂದೇ ಬಾಯಿ, ಒಳಗೆ ಆರೇಳು ಅಡಿ ಆಳ. ಹೊಸ ಸಂಪಿಗೆ ಸ್ಲಾಬ್ ಹಾಕಿ, ಬಾಯಿ ಮುಚ್ಚಿ ಎರಡು ಮೂರು ವಾರ ಬಿಟ್ಟಿರುತ್ತಾರೆ. ಒಳಗಿರುವ ಸೆಂಟ್ರಿಂಗ್ ಹಲಗೆ, ಮರದ ಬೊಂಬುಗಳು ತೇವ ಕುಡಿದು, ಬೂಸ್ಟು ಹಿಡಿದು, ಕೊಳೆಯಲು ಶುರುವಾಗುತ್ತವೆ. ಆ ಕೊಳೆತವೇ ಅಲ್ಲಿನ ಆಮ್ಲಜನಕವನ್ನು ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ಸುಮಾರು 21 ಪಾಲು. 19.5ಕ್ಕಿಂತ ಕೆಳಗಿದ್ದರೆ ಇಳಿಯಬಾರದು. 10ರ ಹತ್ತಿರ ಬಂದರೆ ಎಚ್ಚರ ತಪ್ಪುತ್ತದೆ, 6ಕ್ಕೆ ಇಳಿದರೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗುತ್ತದೆ. ಇದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಹಲಗೆ ಕೀಳಲು ಇಳಿದ ಹುಡುಗ ಕೂಗಲೂ ಆಗದೆ ಕುಸಿಯುತ್ತಾನೆ. ‘ಏನಾತೋ’ ಅಂತ ಇನ್ನೊಬ್ಬ ಇಳಿಯುತ್ತಾನೆ, ಅವನ ಹಿಂದೆ ಮತ್ತೊಬ್ಬ. ಒಂದೇ ಗುಂಡಿಯಲ್ಲಿ ಎರಡು ಮೂರು ಹೆಣ ಬೀಳುವುದು ಹೀಗೆ. ಎತ್ತಲು ಹೋದವರೇ ಸಾಯುತ್ತಾರೆ.

ದೀಪ ಇಳಿಸಿ ನೋಡುವ ಪದ್ಧತಿ ಹಳ್ಳಿ ಬಾವಿಗಳ ಕಾಲದ್ದು. ದೀಪ ಆರಿದರೆ ಇಳಿಯಬೇಡ ಎಂಬುದೇನೋ ಸರಿ, ಆದರೆ ಆರದಿದ್ದರೆ ಇಳಿ ಎಂಬುದು ಖಂಡಿತ ಸರಿಯಲ್ಲ. ವಿಷದ ಗಾಳಿಯನ್ನು ದೀಪ ಹೇಳುವುದಿಲ್ಲ. ಕಕ್ಕಸು ಗುಂಡಿಯಲ್ಲಿ ಮೀಥೇನ್ ಇದ್ದರಂತೂ ಬೆಂಕಿಯೇ ಹತ್ತೀತು. ಅಲ್ಲಿರುವ ಇನ್ನೊಂದು ಗಾಳಿ ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆಯ ವಾಸನೆಯದು. ಅದು ಹೆಚ್ಚಾದಾಗ ಮೂಗು ಮರಗಟ್ಟಿ ವಾಸನೆ ನಿಂತುಹೋಗುತ್ತದೆ. ವಾಸನೆ ಹೋಯ್ತು ಅಂತ ಇಳಿದವನ ಗತಿ ಅಷ್ಟೇ.

ಕಕ್ಕಸು ಗುಂಡಿಯ ವಿಷಯದಲ್ಲಿ ಕಾನೂನು ಖಡಕ್ಕಾಗಿದೆ. 2013ರ ಕಾಯಿದೆಯ ಪ್ರಕಾರ ಸುರಕ್ಷಾ ಸಾಧನವಿಲ್ಲದೆ ಅದಕ್ಕೆ ಆಳು ಇಳಿಸುವುದು ಅಪರಾಧ. ಇಳಿಸಿದವರು ಪಾಲಿಕೆಯೇ ಆಗಲಿ, ಮನೆ ಯಜಮಾನರೇ ಆಗಲಿ, ಮೊದಲ ಸಲಕ್ಕೆ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ ಅಥವಾ ಎರಡೂ. ಮತ್ತೆ ಮಾಡಿದರೆ 5 ವರ್ಷ, 5 ಲಕ್ಷ. ಸುಪ್ರೀಂ ಕೋರ್ಟು 2014ರಲ್ಲಿ ಇಂಥ ಸಾವಿಗೆ 10 ಲಕ್ಷ ಪರಿಹಾರ ಎಂದಿತ್ತು. 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಕುಡಿಯುವ ನೀರಿನ ಸಂಪು ಈ ಕಾಯಿದೆಗೆ ಬರುವುದಿಲ್ಲ ನಿಜ. ಹಾಗಂತ ಯಜಮಾನರು ಪಾರಾದಂತಲ್ಲ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಹಳೇ 304ಎ ಕಲಮಿನಲ್ಲಿ 2 ವರ್ಷವಿದ್ದ ಗರಿಷ್ಠ ಶಿಕ್ಷೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ 5 ವರ್ಷ ಆಗಿದೆ.

ಇಷ್ಟೆಲ್ಲ ಗೊತ್ತಿದ್ದೂ ಅವಘಡ ಯಾಕೆ ನಿಲ್ಲುತ್ತಿಲ್ಲ? ಕೆಲಸಗಾರರಿಗೆ ತಿಳುವಳಿಕೆ ಇಲ್ಲ ಅನ್ನುವುದು ಸುಲಭ. ನಿಜವಾದ ಕಾರಣ ರೇಟಿನಲ್ಲಿದೆ. ಸಂಪಿನ ಮುಚ್ಚಳ ತೆಗೆದು, ನೀರು ಖಾಲಿ ಮಾಡಿ, ಫ್ಯಾನು ಇಟ್ಟು ಒಳಕ್ಕೆ ಗಾಳಿ ಊದಿಸಿ, ತಾಸೆರಡು ತಾಸು ಕಾಯಬೇಕು. ಒಳಗೆ ಆಳಿರುವಷ್ಟು ಹೊತ್ತೂ ಆ ಫ್ಯಾನು ತಿರುಗುತ್ತಲೇ ಇರಬೇಕು. ಇಡೀ ಕೆಲಸಕ್ಕೆ ಇಷ್ಟು ಅಂತ ಮಾತಾಡಿದ ಮೇಲೆ ಕಾಯುವ ಹೊತ್ತಿನ ಕೂಲಿ ಯಾರು ಕೊಡಬೇಕು? ಯಾರೂ ಕೊಡುವುದಿಲ್ಲ. ಅಷ್ಟರಲ್ಲಿ ಇನ್ನೊಂದು ಮನೆ ಕೆಲಸ ಆಗುತ್ತಿತ್ತು ಅಂತ ಅವನೂ, ಬೇಗ ಮುಗಿಸಪ್ಪ ಅಂತ ಇವರೂ ಅವಸರಪಡುತ್ತಾರೆ. ಐನೂರು ರೂಪಾಯಿ ಚೌಕಾಸಿ ಮಾಡಿದ ಯಜಮಾನರು ಉಳಿಸಿಕೊಳ್ಳುವುದು ಆ ಎರಡು ತಾಸಿನ ಕೂಲಿಯನ್ನೇ. ಅಂಗಡಿ ನಡೆಸುವವರಿಗೆ ಈ ವ್ಯಾಪಾರ ಬಿಡಿಸಿ ಹೇಳಬೇಕಾಗಿಲ್ಲ. ಗಾಳಿ ಬಿಡುವ ಹೊತ್ತು ಇಷ್ಟು, ಅದಕ್ಕೆ ಕೂಲಿ ಇಷ್ಟು ಎಂದು ಮೊದಲೇ ಮಾತಾಡಿಬಿಟ್ಟರೆ ಅರ್ಧ ಅಪಾಯ ಅಲ್ಲೇ ಕಳೆಯಿತು.

ಉಳಿದರ್ಧಕ್ಕೆ ಯಜಮಾನರು ಕೆಲಸದ ದಿನ ಮನೆಯಲ್ಲಿರಬೇಕು, ಇಲ್ಲವೇ ಜವಾಬ್ದಾರಿ ಇರುವ ಒಬ್ಬರನ್ನು ಇರಿಸಬೇಕು. ಇಳಿಯುವವನ ಎದೆಗೆ ಬೆಲ್ಟು, ಅದಕ್ಕೆ ಹಗ್ಗ, ಹಗ್ಗದ ತುದಿ ಮೇಲಿನವನ ಕೈಯಲ್ಲಿ. ಒಳಗೆ ಬಿದ್ದರೆ ಎಳೆಯಬೇಕು, ಇಳಿಯಬಾರದು. ಕೂಡಲೇ 112ಕ್ಕೆ ಫೋನು. ಉಸಿರಾಟದ ಉಪಕರಣ ಇರುವುದು ಅಗ್ನಿಶಾಮಕದವರ ಹತ್ತಿರ. ಕೆಸರು ತೆಗೆಯಲು ಡೀಸೆಲ್ ಪಂಪನ್ನು ಸಂಪಿನೊಳಗೆ ಇಳಿಸಕೂಡದು, ಅದರ ಹೊಗೆಯೇ ಸಾಕು. ಇನ್ನು ಕೆಲವು ಮನೆಗಳಲ್ಲಿ ಬಿಳುಪು ಬರಲಿ ಅಂತ ಬ್ಲೀಚಿಂಗ್ ಪುಡಿ ಉದುರಿಸಿ, ಕರೆ ಹೋಗಲಿ ಅಂತ ಅದರ ಮೇಲೆ ಆಸಿಡ್ ಸುರಿಯುತ್ತಾರೆ. ಎರಡೂ ಕೂಡಿದರೆ ಕ್ಲೋರಿನ್ ಗಾಳಿ ಏಳುತ್ತದೆ. ಅದು ಗಾಳಿಗಿಂತ ಭಾರ, ಮೇಲೆ ಬಾರದೆ ಸಂಪಿನ ತಳದಲ್ಲೇ ಕೂರುತ್ತದೆ. ಇದನ್ನು ಮಾಡಿಸುವವರು ಹೆಚ್ಚಾಗಿ ಚೊಕ್ಕತನದ ಮನೆಯವರೇ ಎಂಬುದು ವಿಚಿತ್ರ.

ಕರೆಂಟಿನದು ಬೇರೆ ಕಥೆ. ಸಂಪಿನ ಮೋಟಾರಿನ ಫ್ಯೂಸ್ ಕಿತ್ತು ಯಜಮಾನರ ಜೇಬಿನಲ್ಲೇ ಇರಬೇಕು. ನೀರು ಹೊರಹಾಕುವ ಪಂಪಿಗೂ ಫ್ಯಾನಿಗೂ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇರುವ ಲೈನೇ ಆಗಬೇಕು. ತಾರಸಿಯ ಮೇಲಾದರೆ 11 ಕೆವಿ ತಂತಿ ಗೋಡೆಯಿಂದ ಅಡ್ಡಕ್ಕೆ 1.2 ಮೀಟರು, ತಾರಸಿಯಿಂದ ಮೇಲಕ್ಕೆ 3.7 ಮೀಟರು ದೂರ ಇರಬೇಕು ಅಂತ ನಿಯಮ. ನಿಯಮ ಸರಿಯಾಗಿದ್ದರೂ 6 ಮೀಟರಿನ ಕಬ್ಬಿಣದ ಪೈಪನ್ನು ಕೆಳಗಿನಿಂದ ನೆಟ್ಟಗೆ ಎತ್ತಿ ತಿರುಗಿಸಿದರೆ ತಂತಿಗೆ ತಗಲುತ್ತದೆ. 1912ಕ್ಕೆ ಮೊದಲೇ ತಿಳಿಸಿ ಲೈನ್ ಆಫ್ ಮಾಡಿಸಲು ಬೇಕಿರುವುದು ಒಂದು ಫೋನು, ಒಂದಿಷ್ಟು ತಾಳ್ಮೆ.

ಮೇಸ್ತ್ರಿಯನ್ನು ಒಪ್ಪಿಸುವಾಗ ಕೇಳಬೇಕಾದ ಇನ್ನೊಂದು ಮಾತುಂಟು: ಹುಡುಗರಿಗೆ ಕಾರ್ಮಿಕ ಕಾರ್ಡು ಇದೆಯೇ? ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ 18ರಿಂದ 60 ವರ್ಷದವರು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ, ಹೆಸರು ಬರೆಸಬಹುದು. ಕಾರ್ಡಿದ್ದರೆ ಕೆಲಸದಲ್ಲಿ ಕೈಕಾಲು ಊನವಾದಾಗ, ಜೀವ ಹೋದಾಗ ಮಂಡಳಿಯಿಂದ ಪರಿಹಾರಕ್ಕೆ ಹಾದಿ ಇದೆ. ಕೆಲಸ ಮಾಡಿದ್ದು ನಿಜ ಅಂತ ಬರೆದುಕೊಡಿ ಎಂದು ಕೇಳಿದರೆ ‘ಸೈನ್ ಗೀನ್ ಬ್ಯಾಡಪ್ಪ’ ಅಂತ ಹಿಂದೆ ಸರಿಯುವ ಯಜಮಾನರೇ ಜಾಸ್ತಿ. ಮನೆ ಬರೆದುಕೊಡು ಅಂತ ಯಾರೂ ಕೇಳಿರುವುದಿಲ್ಲ.

ಹೊಸದಾಗಿ ಪಾಯ ತೆಗೆಯುತ್ತಿರುವವರಿಗೆ ಇದಕ್ಕಿಂತ ಸುಲಭದ ದಾರಿ ಇದೆ. ಸಂಪಿನ ಸ್ಲಾಬಿಗೆ ಎರಡೂ ಕೊನೆಯಲ್ಲಿ ಒಂದೊಂದು ಬಾಯಿ ಇಡಿಸುವುದು. ಒಂದರಿಂದ ಫ್ಯಾನಿನ ಗಾಳಿ ಒಳಗೆ ಹೋದರೆ ಇನ್ನೊಂದರಿಂದ ಕೆಟ್ಟ ಗಾಳಿ ಹೊರಬರುತ್ತದೆ. ಆಗುವ ಖರ್ಚು ಒಂದು ಕಬ್ಬಿಣದ ಮುಚ್ಚಳದ್ದು. ಮೇಸ್ತ್ರಿಗೆ ಹೇಳುವುದಾದರೆ ಕಾಂಕ್ರೀಟು ಹಾಕುವ ಮುಂಚೆಯೇ ಹೇಳಬೇಕು.