ಕೆಲವು ಕ್ಷಣಗಳ ಓಟ

ವೃತ್ತಿಪರ ಕಾಲ್ಚೆಂಡಾಟದ ಪಂದ್ಯವೊಂದರಲ್ಲಿ ಆಟಗಾರ್ತಿಯು ಸುಮಾರು 10 ಕಿಲೋಮೀಟರು ದೂರ ಕ್ರಮಿಸುತ್ತಾಳೆ. ಅದರಲ್ಲಿ ಬಹುಪಾಲು ನಡಿಗೆ, ಇಲ್ಲವೇ ಮೆಲ್ಲೋಟ. ಸರ್ವಶಕ್ತಿಯನ್ನೂ ಒಗ್ಗೂಡಿಸಿ ಓಡುವ ಓಟ ಒಂದೊಂದು ಸಲಕ್ಕೆ ಕೆಲವೇ ಸೆಕೆಂಡುಗಳದು. ಆದರೆ ಪಂದ್ಯದ ಗತಿ ಅನೇಕ ವೇಳೆ ತಿರುಗುವುದು ಅಲ್ಲಿಯೇ.

1921ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಈ ಆಟವು ಸ್ತ್ರೀಯರಿಗೆ ತಕ್ಕುದಲ್ಲವೆಂದು ಸಾರಿ, ತನ್ನ ಸಂಘಗಳ ಮೈದಾನಗಳನ್ನು ಅವರಿಗೆ ಮುಚ್ಚಿತು. 1991ರ ಪ್ರಥಮ ಮಹಿಳಾ ವಿಶ್ವಕಪ್ಪಿನಲ್ಲಿಯೂ ಪಂದ್ಯದ ಅವಧಿ 90 ನಿಮಿಷವಲ್ಲ, 80 ಮಾತ್ರ.

2023ರ ವಿಶ್ವಕಪ್ಪಿನ ಉಪಾಂತ್ಯ ಪಂದ್ಯ ಸಿಡ್ನಿಯಲ್ಲಿ. ಇಂಗ್ಲೆಂಡಿಗಿಂತ ಆಸ್ಟ್ರೇಲಿಯಾ ಒಂದು ಗೋಲು ಹಿಂದಿತ್ತು. ನಾಯಕಿ ಸ್ಯಾಮ್ ಕೆರ್ ಚೆಂಡಿನೊಡನೆ ಮುನ್ನುಗ್ಗಿ ಓಡಿ, ದೂರದಿಂದಲೇ ಹೊಡೆದು ಸಮ ಮಾಡಿದಳು. ಕೊನೆಗೆ ಗೆದ್ದದ್ದು ಇಂಗ್ಲೆಂಡೇ, 3–1ರಿಂದ. ಮೀನಖಂಡದ ಪೆಟ್ಟಿನಿಂದಾಗಿ ಆಕೆ ಆರಂಭದ ಪಂದ್ಯಗಳಲ್ಲಿ ಆಡಿರಲಿಲ್ಲ. 2024ರ ಜನವರಿಯಲ್ಲಿ ಮೊಣಕಾಲಿನ ಅಸ್ಥಿಬಂಧವೇ ಹರಿದು, ಒಂದೂವರೆ ವರ್ಷಕ್ಕೂ ಮೀರಿ ಆಟದಿಂದ ದೂರವಿರಬೇಕಾಯಿತು.

ವೇಗವಾಗಿ ಓಡುತ್ತ ಥಟ್ಟನೆ ನಿಲ್ಲುವಾಗ, ತಿರುಗುವಾಗ ಈ ಬಂಧಕ್ಕೆ ಅಪಾಯ. ಪುರುಷರಿಗಿಂತ ಸ್ತ್ರೀಯರಲ್ಲಿ ಅದು ಹೆಚ್ಚು. ಕ್ರಮಬದ್ಧ ವ್ಯಾಯಾಮದಿಂದ ಅದನ್ನು ತಗ್ಗಿಸಬಹುದು. ಸ್ತ್ರೀ ಓಡಬಲ್ಲಳೇ ಎಂಬ ಪ್ರಶ್ನೆ ಮುಗಿಯಿತು. ಓಡಿಸುವವರು ಆ ಕಾಲುಗಳನ್ನು ಕಾಪಾಡುವರೇ ಎಂಬುದು ಉಳಿದಿದೆ.