ದೊಡ್ಡ ಫೈಲು, ಸಣ್ಣ ಲೈನು



ಕಳೆದ ಮೇ ತಿಂಗಳಲ್ಲಿ ನಮ್ಮ ಅಣ್ಣನ ಮಗಳ ಮದುವೆಯಾಯಿತು. ಹಿಂದೆಲ್ಲ ಸ್ಟುಡಿಯೋದವರು ಮದುವೆಯ ವಿಡಿಯೋವನ್ನು ಡಿವಿಡಿಯಲ್ಲಿ ಹಾಕಿ ಕೊಡುತ್ತಿದ್ದರು. ಈಗ ಫೋನಿಗೆ ಒಂದು ಲಿಂಕ್ ಬರುತ್ತದೆ. ನಮಗೂ ಬಂತು. ಒಂದೇ ಫೈಲು, 11 ಜಿಬಿ. ಏಳು ದಿನದೊಳಗೆ ಇಳಿಸಿಕೊಳ್ಳಿ, ಆಮೇಲೆ ಅಳಿಸಲಾಗುವುದು ಎಂಬ ಒಕ್ಕಣೆ ಬೇರೆ. ರೋಸ್‌ನ ದಿನ ನಮ್ಮ ಅಮ್ಮ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ವೊವಿಯೊ ಹಾಡಿದ್ದು ಅದರಲ್ಲಿತ್ತು. ಅಮ್ಮನಿಗೆ ಎಂಬತ್ತಾರು ವರ್ಷ. ಇನ್ನೊಮ್ಮೆ ಹಾಡಿಸಿ ಚಿತ್ರೀಕರಿಸುವ ಮಾತಿಲ್ಲ.

ಮಳೆಗಾಲ ಶುರುವಾಗಿತ್ತು. ಎಂದಿನಂತೆ ಬ್ರೌಸರಿನಲ್ಲೇ ಇಳಿಸಲು ಹಾಕಿದೆವು. ಸೆಕೆಂಡಿಗೆ 10 ಮೆಗಾಬಿಟ್ ವೇಗದ ಲೈನಿನಲ್ಲಿ 11 ಜಿಬಿ ಇಳಿಯಲು ಹೆಚ್ಚುಕಡಿಮೆ ಎರಡೂವರೆ ಗಂಟೆ ಬೇಕು. 8 ಜಿಬಿ ಆದಾಗ ಗುಡುಗು ಬಂತು, ಕರೆಂಟು ಹೋಯಿತು. ಬಂದ ಮೇಲೆ ನೋಡಿದರೆ ಮತ್ತೆ ಸೊನ್ನೆಯಿಂದ ಆರಂಭ. ಮಾರನೆಯ ದಿನವೂ ಅದೇ ಕಥೆ. ಇಂದಿನ ಬ್ರೌಸರುಗಳಿಗೂ ನಿಂತಲ್ಲಿಂದ ಮುಂದುವರಿಸಲು ಗೊತ್ತು. ಆದರೆ ಕಂಪ್ಯೂಟರೇ ಥಟ್ಟನೆ ಆರಿಹೋದಾಗ ಅದನ್ನು ನಂಬುವಂತಿಲ್ಲ ಎಂಬುದನ್ನು ನಾವು ಎರಡು ಸಲ ಕಲಿತೆವು.

ಡೌನ್‌ಲೋಡ್ ಮ್ಯಾನೇಜರ್ ಎಂಬ ತಂತ್ರಾಂಶ ಬೇಕಾಗುವುದು ಇಲ್ಲಿ. ಅದು ಎಷ್ಟು ಭಾಗ ಇಳಿಯಿತು ಎಂದು ಆಗಾಗ ಬರೆದಿಟ್ಟುಕೊಳ್ಳುತ್ತದೆ. ಕರೆಂಟು ಬಂದ ಮೇಲೆ ಆಚೆಯ ಸರ್ವರಿಗೆ "ಇಷ್ಟು ಬಂದಿದೆ, ಇಲ್ಲಿಂದ ಮುಂದಿನದು ಕೊಡು" ಎನ್ನುತ್ತದೆ. ಹೀಗೆ ತುಂಡು ಕೇಳುವ ಕ್ರಮ 1997ರಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1 ನಿಯಮಗಳಲ್ಲೇ ಇದೆ. ಆದರೆ ಸರ್ವರು ಒಪ್ಪಬೇಕು. ಒಪ್ಪದಿದ್ದರೆ ಎಂಥ ಮ್ಯಾನೇಜರಿನಿಂದಲೂ ಪ್ರಯೋಜನವಿಲ್ಲ. ಇದನ್ನು ಮೊದಲೇ ಪರೀಕ್ಷಿಸಬಹುದು. ನೂರು ಎಂಬಿ ಇಳಿದಾಗ ನಿಲ್ಲಿಸಿ, ಮತ್ತೆ ಮುಂದುವರಿಸಿ. ಲೆಕ್ಕ ನೂರರಿಂದಲೇ ಮುಂದೆ ಹೋದರೆ ಸರಿ. ಸೊನ್ನೆಗೆ ಬಿದ್ದರೆ ಹಾರ್ಡ್ ಡಿಸ್ಕ್ ಹಿಡಿದು ಸ್ಟುಡಿಯೋಗೆ ಹೋಗುವುದೇ ಒಳ್ಳೆಯದು.

ಜಾಹೀರಾತುಗಳೆಲ್ಲ ವೇಗದ ಮಾತನ್ನೇ ಆಡುತ್ತವೆ. ಫೈಲನ್ನು ಎಂಟು, ಹದಿನಾರು ತುಂಡು ಮಾಡಿ ಏಕಕಾಲಕ್ಕೆ ಇಳಿಸಿದರೆ ಬೇಗ ಮುಗಿಯುತ್ತದಂತೆ. ಸರ್ವರಿನವರು ಒಂದೊಂದು ಸಂಪರ್ಕಕ್ಕೆ ಇಷ್ಟೇ ವೇಗ ಎಂದು ಮಿತಿ ಹಾಕಿದ್ದರೆ ಇದು ನಿಜ. ನಮ್ಮ ಮನೆಯ ಲೈನೇ ಸಣ್ಣದಾದರೆ ಎಷ್ಟು ತುಂಡು ಮಾಡಿದರೂ ಅಷ್ಟೇ. ಒಂದು ಪೈಪಿಗೆ ಹತ್ತು ನಳ್ಳಿ ಇಟ್ಟರೆ ನೀರು ಹೆಚ್ಚಾಗುತ್ತದೆಯೇ? ನಮ್ಮಂಥವರಿಗೆ ಅದಕ್ಕಿಂತ ಉಪಯೋಗದ ಸೌಲಭ್ಯ ಬೇರೆ ಇದೆ. ರಾತ್ರಿ ಹನ್ನೊಂದಕ್ಕೆ ಶುರುಮಾಡು, ಹಗಲಿನಲ್ಲಿ ವೇಗ ಇಳಿಸು ಎಂದು ಹೇಳಿಡಬಹುದು. ಆಗ ಮಕ್ಕಳ ಪಾಠಕ್ಕೆ ತೊಂದರೆಯಾಗುವುದಿಲ್ಲ.

ಯಾವುದನ್ನು ಆರಿಸಬೇಕು? ವಿಂಡೋಸ್‌ನಲ್ಲಿ ಹೆಸರುವಾಸಿಯಾದದ್ದು ಇಂಟರ್‌ನೆಟ್ ಡೌನ್‌ಲೋಡ್ ಮ್ಯಾನೇಜರ್, ಅಂದರೆ ಐಡಿಎಂ. 30 ದಿನ ಉಚಿತ, ಆಮೇಲೆ ಹಣ ಕೊಟ್ಟು ಕೊಳ್ಳಬೇಕು. ಲಿಂಕಿನ ಅವಧಿ ನಡುವೆ ಮುಗಿದರೆ ಹೊಸ ವಿಳಾಸ ಕೊಟ್ಟು ಅದೇ ಡೌನ್‌ಲೋಡ್ ಮುಂದುವರಿಸುವ ಅನುಕೂಲ ಅದರಲ್ಲಿದೆ. ಫ್ರೀ ಡೌನ್‌ಲೋಡ್ ಮ್ಯಾನೇಜರ್ ಉಚಿತ, ಮನೆಯ ಕೆಲಸಕ್ಕೆ ಧಾರಾಳ ಸಾಕು. ಜೆಡೌನ್‌ಲೋಡರ್ ಕೂಡ ಉಚಿತವೇ, ಹತ್ತಾರು ಲಿಂಕುಗಳಿರುವಾಗ ಒಳ್ಳೆಯದು. ಕಪ್ಪು ಪರದೆಯಲ್ಲಿ ಆಜ್ಞೆ ಟೈಪು ಮಾಡಲು ಅಂಜದ ಮಕ್ಕಳಿದ್ದರೆ ಏರಿಯಾ2 ಇದೆ. ಡಯಲ್-ಅಪ್ ಕಾಲದ ಗೆಟ್‌ರೈಟ್, ಫ್ಲ್ಯಾಶ್‌ಗೆಟ್‌ಗಳನ್ನು ನೆನಪಿಟ್ಟುಕೊಂಡವರು ಈಗ ಅವುಗಳನ್ನು ಹುಡುಕಲು ಹೋಗಬೇಡಿ.

ನಾವು ಹೀಗೆ ಯೋಚಿಸುತ್ತಿರುವಾಗ ನೆರೆಮನೆಯ ಹುಡುಗ ಬಂದ. ಒಳ್ಳೆಯ ಹುಡುಗ, ಬಲಿಪೂಜೆಗೆ ತಪ್ಪುವವನಲ್ಲ. "ಅಂಕಲ್, ಐಡಿಎಂಗೆ ದುಡ್ಡು ಯಾಕೆ? ಕ್ರ್ಯಾಕ್ ಉಂಟು, ಹಾಕಿ ಕೊಡ್ತೇನೆ" ಎಂದ. ಅಂಗಡಿಯಿಂದ ಒಂದು ಚಾಕಲೇಟು ಎತ್ತಿಕೊಂಡು ಬಾ ಎಂದರೆ ಅವನು ತರುವವನಲ್ಲ. ಇದು ಏಳನೆಯ ಆಜ್ಞೆಗೆ ಸೇರಿದ್ದೆಂದು ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ಪಾಪದ ಮಾತು ಒತ್ತಟ್ಟಿಗಿರಲಿ, "ಮೊದಲು ಆಂಟಿವೈರಸ್ ಆಫ್ ಮಾಡಿ" ಎಂದು ಕೇಳುವ ತಂತ್ರಾಂಶವನ್ನು ಮನೆಯೊಳಗೆ ಬಿಡುವವರುಂಟೇ? ಕ್ರ್ಯಾಕ್‌ಗಳ ಜೊತೆ ಬರುವ ಕಳ್ಳ ತಂತ್ರಾಂಶಗಳು ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನು ಕದ್ದು ಕಳಿಸುತ್ತವೆ. ಬ್ಯಾಂಕಿನ ಕೆಲಸವನ್ನೂ ನಾವು ಅದೇ ಕಂಪ್ಯೂಟರಿನಲ್ಲಿ ಮಾಡುವವರು. ಹುಡುಗನಿಗೆ ಚಹಾ ಕೊಟ್ಟು ಇದನ್ನೆಲ್ಲ ಹೇಳಿದೆವು. ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.

ಉಚಿತದ್ದಾದರೂ ಕಣ್ಣು ಮುಚ್ಚಿ ಹಾಕುವಂತಿಲ್ಲ. ಫ್ರೀ ಡೌನ್‌ಲೋಡ್ ಮ್ಯಾನೇಜರಿನ ಸ್ವಂತ ತಾಣದಿಂದಲೇ 2020ರಿಂದ 2022ರವರೆಗೆ ಕೆಲವು ಲಿನಕ್ಸ್ ಬಳಕೆದಾರರು ವಿಷ ಬೆರೆತ ಫೈಲಿದ್ದ ಬೇರೆ ತಾಣಕ್ಕೆ ಹೋಗಿ ಬೀಳುತ್ತಿದ್ದರು. ಅದನ್ನು ಕ್ಯಾಸ್ಪರ್‌ಸ್ಕಿಯವರು 2023ರಲ್ಲಿ ಬಯಲಿಗೆ ತಂದರು. ಆದ್ದರಿಂದ ಮೂಲ ತಾಣದಿಂದಲೇ ಇಳಿಸಿ, ಹಾಕುವ ಮುನ್ನ ಆಂಟಿವೈರಸ್‌ನಿಂದ ಒಮ್ಮೆ ತಪಾಸಣೆ ಮಾಡಿ.

ನಾವು ಆರಿಸಿದ್ದು ಕೊನೆಗೆ ಅದನ್ನೇ, ವಿಂಡೋಸ್‌ನಲ್ಲಿ. ಐದನೆಯ ದಿನ ರಾತ್ರಿ ಹಾಕಿದೆವು. ಎರಡು ಸಲ ಕರೆಂಟು ಹೋಯಿತು, ಎರಡು ಸಲವೂ ಎದ್ದು ಮುಂದುವರಿಸಿದೆವು. ಬೆಳಗಿನ ಪೂಜೆಯ ಗಂಟೆಗೆ ಮುಂಚೆ ಫೈಲು ಪೂರ್ತಿಯಾಗಿತ್ತು.

ಇನ್ನೊಂದು ತೊಡಕು ಉಳಿದಿತ್ತು. ಅಣ್ಣ ಗಲ್ಫಿಗೆ ಹೊರಟು ನಿಂತಿದ್ದ. 32 ಜಿಬಿ ಪೆನ್‌ಡ್ರೈವಿಗೆ ಹಾಕಲು ಹೋದರೆ, ಖಾಲಿ ಇದ್ದರೂ ಫೈಲು ದೊಡ್ಡದಾಯಿತು ಎನ್ನುತ್ತದೆ! ಫ್ಯಾಟ್32 ಕ್ರಮದಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್ 4 ಜಿಬಿಗಿಂತ ದೊಡ್ಡ ಫೈಲನ್ನು ತೆಗೆದುಕೊಳ್ಳುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಬದಲಾಯಿಸಿದರೆ ಸರಿಹೋಗುತ್ತದೆ, ಆದರೆ ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಮೊದಲು ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ. ಹಳೆಯ ಕೆಲವು ಟಿವಿಗಳಿಗೆ ಎಕ್ಸ್‌ಫ್ಯಾಟ್ ಓದಲು ಬರುವುದಿಲ್ಲ ಎಂಬುದೂ ನೆನಪಿರಲಿ.

ನಮ್ಮ ಟಿವಿ ಓದಿತು. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ರೋಸ್‌ನ ಭಾಗ ಹಾಕಿದೆವು. ಪೂರ್ತಿ ನೋಡಿ, "ಎರಡನೆಯ ಸಾಲು ತಪ್ಪಿ ಹಾಡಿದ್ದೇನೆ, ಅದನ್ನು ತೆಗೆಯಲಿಕ್ಕೆ ಆಗ್ತದಾ?" ಎಂದು ಕೇಳಿದರು.