ಅವ್ವನ ಜ್ವರ, ನಮ್ಮ ರಜಾ



ಪರೀಕ್ಷೆ ಹತ್ತಿರ ಬಂದಾಗಲೇ ನಮ್ಮ ಹಾಸ್ಟೆಲಿನ ಕೆಲವು ಹುಡುಗರು ಇದ್ದಕ್ಕಿದ್ದಂತೆ ಊರಿಗೆ ಹೋಗುತ್ತಾರೆ. ಕೇಳಿದರೆ 'ಅವ್ವಂಗೆ ಹುಷಾರಿಲ್ಲ' ಅಂತಾರೆ. ಅವರು ಹೋಗೋದು ಅವ್ವನಿಗೆ ಮಾತ್ರೆ ಕೊಡಿಸೋದಕ್ಕಲ್ಲ. ಬೆಳಗಿನ ಜಾವ ಅವ್ವನ ಪೊರಕೆ ಹಿಡಿದು ಅವಳ ಪಾಲಿನ ಬೀದಿ ಗುಡಿಸೋದಕ್ಕೆ. ಗುಡಿಸದಿದ್ದರೆ ಹಾಜರಿಯಿಲ್ಲ, ಹಾಜರಿಯಿಲ್ಲದಿದ್ದರೆ ಕೂಲಿಯಿಲ್ಲ. ನಾಲ್ಕು ದಿನ ತಪ್ಪಿದರೆ ಆ ಜಾಗಕ್ಕೆ ಬೇರೆಯವರು ಬಂದಿರುತ್ತಾರೆ. ಮೇಸ್ತ್ರಿಗೆ ಬೇಕಾದ್ದು ಒಂದು ಆಳು. ಅವ್ವ ಆದರೇನು, ಮಗ ಆದರೇನು?

ಅಮೆರಿಕದ ಟೆಕ್ಸಾಸ್‌ನಲ್ಲಿ ಕೌಂಟಿ ಎಂಬ ಸ್ಥಳೀಯ ಸರ್ಕಾರಗಳಿವೆ. ಅಲ್ಲಿಯ ನೌಕರರು ತಮಗೆ ಮಿಕ್ಕ ಕಾಯಿಲೆ ರಜೆಯನ್ನು ಒಂದು ಕಡೆ ಕೂಡಿಡಲು ಕಾನೂನಿನಲ್ಲೇ ಅವಕಾಶವಿದೆ. ದೊಡ್ಡ ಕಾಯಿಲೆ ಬಿದ್ದು ಸ್ವಂತ ರಜೆ ಮುಗಿದವರು ಅದರಿಂದ ಪಡೆಯುತ್ತಾರೆ. ಒಳ್ಳೆಯ ಏರ್ಪಾಡು. ಆದರೆ ಕೂಡಿಡಬೇಕಾದರೆ ಮೊದಲು ಕೈಯಲ್ಲಿ ರಜೆ ಇರಬೇಕಲ್ಲ! ಗುತ್ತಿಗೆದಾರನ ಪುಸ್ತಕದಲ್ಲಿರುವ ನಮ್ಮ ತಾಯಿತಂದೆಯರು ಏನನ್ನು ಕೂಡಿಡಬೇಕು? ನಮ್ಮ ಕೇರಿಯಲ್ಲೂ ಒಂದು ಸಾಮೂಹಿಕ ನಿಧಿ ಇದೆ. ಅದರಲ್ಲಿರುವುದು ಮಕ್ಕಳ ಓದಿನ ದಿನಗಳು.

ಇದು ಇವತ್ತಿನ ಅನ್ಯಾಯವಲ್ಲ. ಈಗಿನ ಉತ್ತರಪ್ರದೇಶದಲ್ಲಿ 1916ರ ಪುರಸಭಾ ಕಾಯ್ದೆಯಂತೆ, ಅನುಮತಿಯಿಲ್ಲದೆ ಕೆಲಸ ಬಿಟ್ಟ ಜಾಡಮಾಲಿಗೆ 2 ತಿಂಗಳವರೆಗೆ ಜೈಲು. ಗುಮಾಸ್ತ ಬಿಟ್ಟು ಹೋದರೆ ಅದು ರಾಜೀನಾಮೆ, ನಮ್ಮವನು ಬಿಟ್ಟರೆ ಅಪರಾಧ!

ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ಕಾರ್ಮಿಕರ ಆರೋಗ್ಯ ವಿಮೆಯ ಬಗ್ಗೆ ಅಡಾರ್ಕರ್ ವರದಿ ಸಿದ್ಧವಾದದ್ದು ಅವರ ಕಾಲದಲ್ಲೇ, 1944ರಲ್ಲಿ. ಅದರ ಮೇಲೆ 1948ರಲ್ಲಿ ಇ.ಎಸ್.ಐ. ಕಾಯ್ದೆ ಬಂತು. ಇದೂ ಒಂದು ಕೂಡು ನಿಧಿಯೇ. ಆದರೆ ಇಲ್ಲಿ ಮಾಲೀಕನೂ ಹಣ ಕಟ್ಟಬೇಕು. 6 ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಜಮೆಯಾಗಿದ್ದರೆ, ವರ್ಷಕ್ಕೆ 91 ದಿನದವರೆಗೆ ಕಾಯಿಲೆಯ ದಿನಗಳಿಗೆ ಕೂಲಿಯ ನೂರಕ್ಕೆ 70 ಪಾಲು ಸಿಗುತ್ತದೆ. ಇದು ಯಾರ ದಯೆಯೂ ಅಲ್ಲ, ಭಿಕ್ಷೆಯೂ ಅಲ್ಲ.

2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಮುಷ್ಕರ ಹೂಡಿದರು. 2025ರ ಮೇ 1ರಂದು ಬೆಂಗಳೂರಿನಲ್ಲಿ 12 ಸಾವಿರಕ್ಕೂ ಹೆಚ್ಚು ಮಂದಿಗೆ ಕಾಯಂ ನೇಮಕದ ಪತ್ರ ಸಿಕ್ಕಿತು. ಅದನ್ನು ಯಾರೂ ಕರೆದು ಕೊಡಲಿಲ್ಲ, ಬೀದಿಯಲ್ಲಿ ಕೂತು ಪಡೆದದ್ದು. ಕಸದ ಗಾಡಿ ಓಡಿಸುವವರು, ಲೋಡು ಎತ್ತುವವರು, ಒಳಚರಂಡಿಯವರಲ್ಲಿ ಎಷ್ಟೋ ಜನ ಇನ್ನೂ ಗುತ್ತಿಗೆಯಲ್ಲೇ ಇದ್ದಾರೆ.

ಓದು ಬರುವ ನಾವು ಏನು ಮಾಡಬೇಕು? ಮುಂದಿನ ಸಲ ಊರಿಗೆ ಹೋದಾಗ ಅವ್ವನ ಕೂಲಿ ಚೀಟಿ ಕೇಳಿ ನೋಡೋಣ. ಇ.ಎಸ್.ಐ.ಗೆ ಅಂತ ಹಣ ಮುರಿದಿದ್ದಾರೋ? ಮುರಿದಿದ್ದರೆ ಅವಳ ಹೆಸರಿಗೆ ನಂಬರು ಇದೆಯೋ? ಕಟ್ಟಿದ ದಿನಗಳೆಷ್ಟು? ಚೀಟಿಯೇ ಕೊಟ್ಟಿಲ್ಲವೆಂದರೆ ಅದನ್ನೂ ಬರೆದುಕೊಳ್ಳೋಣ. ಕೇರಿಯ ಹತ್ತು ಮನೆಗಳ ಲೆಕ್ಕ ತಂದರೆ ಅದನ್ನು ಹಿಡಿದು ಪುರಸಭೆಯ ಬಾಗಿಲಿಗೆ ಎಲ್ಲರೂ ಹೋಗೋಣ.

ನಾವು ಕೇಳುವುದು ಇಷ್ಟೆ: ಕಾಯಂ ಕೆಲಸ, ಅವಳ ಹೆಸರಿನಲ್ಲಿ ಕೂಲಿ ಸಹಿತ ಕಾಯಿಲೆ ರಜೆ. ಅದು ಕೈಗೆ ಬಂದಮೇಲೆ ಮಿಕ್ಕದ್ದನ್ನು ಒಬ್ಬರಿಗೊಬ್ಬರು ಹಂಚಿಕೊಳ್ಳುವುದನ್ನು ನಮ್ಮ ಜನಕ್ಕೆ ಯಾರೂ ಕಲಿಸಬೇಕಿಲ್ಲ. ಅವ್ವನಿಗೆ ಜ್ವರ ಬಂದ ದಿನ ಅವ್ವ ಮಲಗಲಿ. ಮಗ ಪರೀಕ್ಷೆ ಬರೆಯಲಿ.

ಜೈ ಭೀಮ್.